ಮಡಚಿದಲ್ಲಿ ತುಂಡಾಗುತ್ತಿದ್ದ ಜಡೆ: ಒಬ್ಬ ಕಿರಿಯ ಈಜುಗಾರ್ತಿಯ ಪ್ರಕರಣ

ಹಿನ್ನೆಲೆ

ಹೆಣ್ಣುಮಕ್ಕಳಿಗೆ ಈಜು ಕಲಿಸುವುದು ನನ್ನ ಕೆಲಸ. ಬೇಸಿಗೆ ಶಿಬಿರಕ್ಕೆ ಬರುವ ಎಂಟು, ಒಂಬತ್ತು ವರ್ಷದ ಹುಡುಗಿಯರು ನೀರಿಗೆ ಇಳಿದರೆ ಮೇಲೆ ಬರುವುದೇ ಬೇಡ ಎನ್ನುತ್ತಾರೆ. ಅದೇ ಹುಡುಗಿಯರು ಹನ್ನೆರಡು, ಹದಿಮೂರಕ್ಕೆ ಬರುವ ಹೊತ್ತಿಗೆ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸುತ್ತಾರೆ. ಕೇಳಿದರೆ ಓದು, ಟ್ಯೂಷನ್ ಎಂಬ ಉತ್ತರ ಮೊದಲು ಬರುತ್ತದೆ. ಸ್ವಲ್ಪ ಹೊತ್ತು ಕುಳಿತು ಮಾತನಾಡಿದರೆ ನಿಜವಾದ ಕಾರಣ ಹೊರಬೀಳುತ್ತದೆ: ಬಿಸಿಲಿಗೆ ಮೈಬಣ್ಣ ಇಳಿಯಿತು, ಕೊಳದ ನೀರಿಗೆ ಕೂದಲು ಹಾಳಾಯಿತು. ಒಳ್ಳೆಯ ಈಜುಗಾರ್ತಿಯಾಗಬಲ್ಲ ಹುಡುಗಿಯನ್ನು ಕೂದಲಿನ ಕಾರಣಕ್ಕೆ ಕಳೆದುಕೊಳ್ಳುವುದು ನನಗೆ ಪ್ರತಿ ಬಾರಿಯೂ ನೋವಿನ ಸಂಗತಿ. ಹಾಗೆ ಕಳೆದುಕೊಳ್ಳುವ ಅಂಚಿಗೆ ಬಂದು ಉಳಿದ ಒಬ್ಬಳ ಪ್ರಕರಣ ಇದು. ಹುಡುಗಿಯ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಕೊಳ, ಶಾಲೆ ಯಾವುದನ್ನೂ ಹೆಸರಿಸಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ ಹದಿಮೂರು ವರ್ಷ, ಎಂಟನೆಯ ತರಗತಿ. ಸೊಂಟದವರೆಗೆ ಇಳಿಯುವ ದಟ್ಟ ಕೂದಲು. ಜೂನ್‌ನಲ್ಲಿ ಅವಳನ್ನು ಸ್ಪರ್ಧೆಯ ತಂಡಕ್ಕೆ ಸೇರಿಸಿಕೊಂಡೆ. ವಾರಕ್ಕೆ ಆರು ದಿನ, ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಅಭ್ಯಾಸ. ಅದಕ್ಕೆ ಮೊದಲು ಬೇಸಿಗೆಯಲ್ಲಿ ಮಾತ್ರ ಈಜುತ್ತಿದ್ದವಳು, ಆಗೆಲ್ಲ ಕೂದಲಿಗೆ ಏನೂ ಆಗಿರಲಿಲ್ಲ. ಮನೆಯಲ್ಲಿ ತಾಯಿ, ತಂದೆ, ತಂದೆಯ ತಾಯಿ. ಮೊಮ್ಮಗಳ ಜಡೆ ಅಜ್ಜಿಯ ಸೊತ್ತು ಎಂದರೂ ತಪ್ಪಿಲ್ಲ. ಹುಟ್ಟಿದಾಗಿನಿಂದ ಎಣ್ಣೆ ಹಚ್ಚಿ, ಬಾಚಿ, ಹೆಣೆದು ಬೆಳೆಸಿದವರು ಅವರೇ. ಮುಂದಿನ ಮೇ ತಿಂಗಳಲ್ಲಿ ಮನೆಯಲ್ಲೊಂದು ಮದುವೆಯಿತ್ತು. ಆ ದಿನ ಮೊಮ್ಮಗಳಿಗೆ ಮಲ್ಲಿಗೆ ಮೊಗ್ಗಿನ ಜಡೆ ಹಾಕಿಸಿ ಫೋಟೋ ತೆಗೆಸಬೇಕು ಎಂಬುದು ಅವರ ಬಹುದಿನದ ಆಸೆ.

ತೊಂದರೆ

ಅಕ್ಟೋಬರ್ ಕೊನೆಗೆ ಜಡೆ ಅರ್ಧಕ್ಕರ್ಧ ಸಣ್ಣದಾಗಿ ಕಾಣತೊಡಗಿತು. ತುದಿಯ ಕಡೆಯ ಒಂದು ಮೊಳ ತುಕ್ಕಿನ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ತೆಂಗಿನ ನಾರಿನ ಹಾಗೆ ಒರಟು. ಸಿಕ್ಕು ಬಿಡಿಸಲು ದಿನಾ ಅರ್ಧ ಗಂಟೆ ಬೇಕಾಗುತ್ತಿತ್ತು, ಆ ಅರ್ಧ ಗಂಟೆ ತಾಯಿ ಮಗಳ ನಡುವೆ ಜಗಳ. "ತಲೆಯೆಲ್ಲ ಉದುರಿ ಹೋಗುತ್ತಿದೆ ಮೇಡಂ, ಹೀಗೇ ಆದರೆ ಮದುವೆಯ ಹೊತ್ತಿಗೆ ಏನು ಉಳಿಯುತ್ತದೆ?" ಎಂದು ತಾಯಿ ಒಂದು ಬೆಳಿಗ್ಗೆ ಕೊಳದ ಗೇಟಿನ ಬಳಿ ನಿಂತು ಕೇಳಿದರು.

ಅಷ್ಟರಲ್ಲಿ ಅವರು ಸುಮ್ಮನೆ ಕುಳಿತಿರಲಿಲ್ಲ. ರೋಗಾಣು ಕೊಲ್ಲಲು ಕೊಳಕ್ಕೆ ಹಾಕುವ ಕ್ಲೋರಿನ್ ಹೋಗಲಿ ಎಂದು ದಿನವೂ ಎರಡೆರಡು ಸಲ ಶಾಂಪೂ ಹಾಕಿದ್ದರು. ನೊರೆ ಹೆಚ್ಚಿದಷ್ಟೂ ಕೂದಲು ಇನ್ನಷ್ಟು ಒಣಗಿತು. ಯಾರೋ ಹೇಳಿದರೆಂದು ನಿಂಬೆರಸ ಹಚ್ಚಿ ನೋಡಿದ್ದರು, ನೆತ್ತಿ ಉರಿದು ಹುಡುಗಿ ಅತ್ತಳು. ಅಡುಗೆ ಸೋಡಾ ಕಲಸಿ ತಿಕ್ಕಿದ್ದರು. ಸೋಡಾ ಕ್ಷಾರ, ಮೊದಲೇ ಬಳಲಿದ ಕೂದಲಿನ ಹೊರಪದರ ಅದರಿಂದ ಮತ್ತಷ್ಟು ಬಿರಿಯುತ್ತದೆ. ಎರಡು ರಬ್ಬರ್ ಕ್ಯಾಪ್‌ಗಳನ್ನು ಒಂದರ ಮೇಲೊಂದು ಹಾಕಿಸಿದ್ದರು. ತಲೆನೋವು ಬಂತು, ಕ್ಯಾಪ್ ತೆಗೆಯುವಾಗ ಅಂಟಿಕೊಂಡ ಕೂದಲು ಕಿತ್ತು ಬಂತು. ವೈದ್ಯರಲ್ಲಿ ರಕ್ತಪರೀಕ್ಷೆಯೂ ಆಯಿತು. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಅದು ಅವಳ ದೇಹಕ್ಕೆ ಬೇಕಾಗಿದ್ದದ್ದೇ, ಆದರೆ ಜಡೆಯ ಸ್ಥಿತಿ ಹಾಗೆಯೇ ಉಳಿಯಿತು.

ಅಜ್ಜಿಯ ದಾರಿ ಬೇರೆ. ಮುಂಜಾನೆ ನಾಲ್ಕೂವರೆಗೆ ಎದ್ದು ಮೊಮ್ಮಗಳ ತಲೆಗೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು ತಟ್ಟಿ ಕಳುಹಿಸುತ್ತಿದ್ದರು. ಎಣ್ಣೆಗೆ ಕ್ಯಾಪ್ ಜಾರಿತು, ನೀರಿನ ಮೇಲೆ ಪೊರೆ ಕಟ್ಟಿತು, ಕೊಳದ ಸಿಬ್ಬಂದಿ ಬೈದು ಅವಳನ್ನು ನೀರಿನಿಂದ ಮೇಲೆ ಕರೆಸಿದರು. ಸಿಬ್ಬಂದಿಯದು ತಪ್ಪಲ್ಲ. ನೀರಿಗೆ ಸೇರಿದ ಎಣ್ಣೆ, ಬೆವರು ಎಲ್ಲವೂ ಕ್ಲೋರಿನ್ ಅನ್ನು ತಿನ್ನುತ್ತವೆ, ನೀರಿನ ಶೋಧಕ ಕಟ್ಟಿಕೊಳ್ಳುವಂತೆ ಮಾಡುತ್ತವೆ. ಆದರೆ ಇಪ್ಪತ್ತು ಮಂದಿಯ ಎದುರು ಅವಳಿಗಾದ ಅವಮಾನ ಸಣ್ಣದಾಗಿರಲಿಲ್ಲ.

ಆ ವಾರ ನಾನೂ ಒಂದು ತಪ್ಪು ಮಾಡಿದೆ. ಅವಸರದಲ್ಲಿದ್ದೆ, ಸ್ಪರ್ಧೆ ಹತ್ತಿರವಿತ್ತು. "ಕತ್ತಿನವರೆಗೆ ಕತ್ತರಿಸಿಬಿಡು, ಎಲ್ಲ ತಾಪತ್ರಯ ಮುಗಿಯುತ್ತದೆ" ಎಂದುಬಿಟ್ಟೆ. ಮರುದಿನದಿಂದ ಹುಡುಗಿ ಬರಲಿಲ್ಲ. ಒಂಬತ್ತು ದಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಖಾಲಿ. ಹತ್ತನೆಯ ದಿನ ನಾನೇ ಮನೆಗೆ ಹೋದೆ. ಕೊಬ್ಬರಿ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಅಜ್ಜಿ ಹೇಳಿದರು: "ನೋಡಮ್ಮ, ಈಜು ಬೇಡ ಎಂದು ನಾನು ಅನ್ನುವುದಿಲ್ಲ. ನಾವೂ ಕೆರೆಯಲ್ಲಿ ಈಜಿದವರೇ. ಆದರೆ ಕೂದಲು ಯಾಕೆ ಹೀಗಾಯಿತು ಎಂದು ಹೇಳದೆ ಕತ್ತರಿಸು ಎಂದರೆ ಹೇಗೆ?"

ನ್ಯಾಯವಾದ ಪ್ರಶ್ನೆ. ಉತ್ತರ ನನ್ನ ಬಳಿ ಇರಲಿಲ್ಲ. ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಅವಳನ್ನು ಕಳುಹಿಸಿ ಎಂದು ಕೇಳಿಕೊಂಡೆ. ತಾಯಿ ಅಷ್ಟರಲ್ಲಿ ಬ್ಯೂಟಿ ಪಾರ್ಲರಿನಲ್ಲಿ ಕೂದಲನ್ನು ನಯಗೊಳಿಸುವ ಕೆರಾಟಿನ್ ಚಿಕಿತ್ಸೆಗೆ ಮುಂಗಡ ಕೊಟ್ಟಿದ್ದರು. ಅದನ್ನು ತಡೆಯಿರಿ ಎಂದು ಬೇಡಿಕೊಂಡೆ. ಆ ಬಗೆಯ ಎಷ್ಟೋ ದ್ರಾವಣಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ಅನಿಲ ಬಿಡುತ್ತವೆ. ಬೆಳೆಯುವ ಮಗುವಿಗೆ ಅದು ಬೇಡ. ಅಲ್ಲದೆ ದಿನಾ ಕ್ಲೋರಿನ್ ನೀರಿಗೆ ಇಳಿಯುವವರ ತಲೆಯ ಮೇಲೆ ಆ ನಯ ಹೆಚ್ಚು ಕಾಲ ನಿಲ್ಲುವುದೂ ಇಲ್ಲ.

ಹಾಜರಿ ಪುಸ್ತಕದ ಮೇಲೆ ಇಪ್ಪತ್ತಮೂರು ಎಳೆ

ಅಭ್ಯಾಸ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಅವಳ ಜೊತೆ ಕುಳಿತೆ. ಟವೆಲ್ ಮತ್ತು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಒಂದೊಂದಾಗಿ ಬಿಡಿಸಿ ಹಾಜರಿ ಪುಸ್ತಕದ ಬಿಳಿ ಹಾಳೆಯ ಮೇಲೆ ಉದ್ದಕ್ಕೆ ಜೋಡಿಸಿದೆವು. ಇಪ್ಪತ್ತಮೂರು ಎಳೆಗಳು. ಬುಡದಿಂದ ಉದುರಿದ ಕೂದಲಿಗೆ ಒಂದು ಕೊನೆಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಇರುತ್ತದೆ. ಇಲ್ಲಿ ಗಂಟು ಇದ್ದದ್ದು ನಾಲ್ಕಕ್ಕೆ ಮಾತ್ರ. ಉಳಿದ ಹತ್ತೊಂಬತ್ತೂ ತುಂಡುಗಳು. ಕೂದಲು ಉದುರುತ್ತಿರಲಿಲ್ಲ, ಮುರಿಯುತ್ತಿತ್ತು. ಬೇರು ಗಟ್ಟಿಯಾಗಿಯೇ ಇತ್ತು. ಇದನ್ನು ಕೇಳಿದಾಗ ಹುಡುಗಿಯ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇನ್ನೊಂದು ಸಂಗತಿಯನ್ನು ಅವಳೇ ಗಮನಿಸಿದಳು. "ಮೇಡಂ, ಹೆಚ್ಚಿನವು ಒಂದೇ ಅಳತೆ ಇವೆ." ಹೌದು, ಒಂದು ಗೇಣು, ಅದರ ಆಸುಪಾಸು. ನೀರು ಮುರಿದಿದ್ದರೆ ಎಲ್ಲೆಂದರಲ್ಲಿ ಮುರಿಯಬೇಕಿತ್ತು. ಒಂದೇ ಕಡೆ ಮುರಿಯುತ್ತಿದೆ ಎಂದರೆ ಆ ಜಾಗದಲ್ಲಿ ಏನೋ ಆಗುತ್ತಿದೆ. ಏನು ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆ ಸಂಜೆ ಶಾಲೆ ಬಿಟ್ಟ ಮೇಲೆ ಸಮವಸ್ತ್ರದಲ್ಲೇ ಬಾ ಎಂದು ಹೇಳಿದ್ದೆ. ಬಂದಳು. ಶಾಲೆಯ ನಿಯಮದಂತೆ ಎರಡು ಜಡೆ, ಎರಡನ್ನೂ ಮಡಚಿ ಮೇಲಕ್ಕೆ ಎತ್ತಿ ರಿಬ್ಬನ್‌ನಿಂದ ಬಿಗಿದಿತ್ತು. ರಿಬ್ಬನ್ ಬಿಚ್ಚಿ ಮಡಿಕೆಯ ಜಾಗವನ್ನು ಬೆರಳಿನಲ್ಲಿ ಒತ್ತಿ ನೋಡಿದೆ. ಸಂಜೆ ನಾಲ್ಕೂಕಾಲಾಗಿತ್ತು, ಒಳಗೆ ಇನ್ನೂ ತೇವ. ಮೂಗಿನ ಹತ್ತಿರ ತಂದರೆ ಕೊಳದ ವಾಸನೆ. ಮಡಿಕೆಯಿಂದ ತುದಿಯವರೆಗೆ ಅಳೆದರೆ ಒಂದು ಗೇಣು.

ದಿನದ ಕ್ರಮವನ್ನು ಅವಳ ಬಾಯಿಂದಲೇ ಕೇಳಿ ಬರೆದುಕೊಂಡೆ. ಏಳಕ್ಕೆ ನೀರಿನಿಂದ ಮೇಲೆ. ಸ್ನಾನದ ಕೋಣೆಯಲ್ಲಿ ಎರಡು ನಲ್ಲಿ, ಸಾಲಿನಲ್ಲಿ ಹದಿನೈದು ಹುಡುಗಿಯರು. ತಲೆಗೆ ಒಂದು ಚೊಂಬು ನೀರು, ಅದೂ ಗಡಸು ಕೊಳವೆಬಾವಿ ನೀರು. ಏಳು ಇಪ್ಪತ್ತಕ್ಕೆ ಒದ್ದೆ ಕೂದಲನ್ನು ಎಳೆದು ಬಾಚಿ ಎರಡು ಜಡೆ. ಏಳೂವರೆಗೆ ವ್ಯಾನ್. ಶಾಂಪೂ ಹಾಕುತ್ತಿದ್ದದ್ದು ಸಂಜೆ ಐದಕ್ಕೆ. ಕೊಳದ ನೀರಿನಲ್ಲಿ ಅವಳ ಕೂದಲು ಇರುತ್ತಿದ್ದದ್ದು ಒಂದೂವರೆ ಗಂಟೆ ಎಂದು ನಾವೆಲ್ಲ ಲೆಕ್ಕ ಹಾಕಿದ್ದೆವು. ನಿಜಕ್ಕೂ ಅದು ಹನ್ನೊಂದೂವರೆ ಗಂಟೆ.

ಕೂದಲಿನ ಒಳಗೆ ನಡೆಯುವುದು ಇಷ್ಟು. ಪ್ರತಿ ಎಳೆಯ ಹೊರಗೆ ಹೆಂಚಿನಂತೆ ಜೋಡಿಸಿದ ಹೊರಪದರ ಇರುತ್ತದೆ, ಅದರ ಮೇಲೆ ನೀರನ್ನು ದೂರವಿಡುವ ಜಿಡ್ಡಿನ ತೆಳು ಪೊರೆ. ಕ್ಲೋರಿನ್ ಆ ಪೊರೆಯನ್ನು ಕಿತ್ತುಹಾಕುತ್ತದೆ, ಕೆರಾಟಿನ್ ಪ್ರೋಟೀನಿನ ಗಂಧಕದ ಬೆಸುಗೆಗಳನ್ನು ಸಡಿಲಿಸುತ್ತದೆ, ಕಪ್ಪು ಬಣ್ಣ ಕೊಡುವ ಮೆಲನಿನ್ ಅನ್ನೂ ಕರಗಿಸುತ್ತದೆ. ನಮ್ಮ ಕಪ್ಪು ಕೂದಲು ತುಕ್ಕಿನ ಬಣ್ಣಕ್ಕೆ ಬರುವುದು ಹೀಗೆ, ಬಿಸಿಲೂ ಅದಕ್ಕೆ ಕೈಜೋಡಿಸುತ್ತದೆ. (ಅದೇ ಕೊಳಕ್ಕೆ ಬರುವ ಹಿರಿಯ ಮಹಿಳೆಯೊಬ್ಬರ ಬಿಳಿ ಕೂದಲಿಗೆ ತೆಳು ಹಸಿರು ಹತ್ತಿತ್ತು. ಅದು ತಾಮ್ರದಿಂದ ಬರುವ ಬಣ್ಣ. ಪಾಚಿ ತಡೆಯಲು ಹಾಕುವ ಮೈಲುತುತ್ತದಲ್ಲಿ ತಾಮ್ರವಿದೆ. ಕಪ್ಪು ಕೂದಲಿನಲ್ಲಿ ಅದು ಕಾಣುವುದಿಲ್ಲ.) ಹೀಗೆ ಬಳಲಿದ ಎಳೆ ಒದ್ದೆಯಾದಾಗ ಉಬ್ಬಿ ಮೆತ್ತಗಾಗುತ್ತದೆ, ಎಳೆದರೆ ಹಿಗ್ಗಿ ಹರಿಯುತ್ತದೆ. ಅಂಥ ಎಳೆಯನ್ನು ಮಡಚಿ ರಿಬ್ಬನ್‌ನಿಂದ ಬಿಗಿದು ಇಡೀ ದಿನ ಹಾಗೆಯೇ ಬಿಟ್ಟಿದ್ದೆವು.

ಬದಲಿಸಿದ್ದು

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಉಪಯೋಗವಾಯಿತು ಎಂದು ತಿಳಿಯುವುದಿಲ್ಲ. ಡಿಸೆಂಬರ್‌ನಿಂದ ವಾರಕ್ಕೊಂದು ಬದಲಾವಣೆ ಎಂದು ನಿರ್ಧರಿಸಿದೆವು.

ಮೊದಲನೆಯದು ನೀರಿಗೆ ಇಳಿಯುವ ಮುನ್ನ ತಲೆ ನೆನೆಸುವುದು. ಒಣ ಕೂದಲು ತನ್ನ ತೂಕದ ಸುಮಾರು ಶೇ. 30ರಷ್ಟು ನೀರು ಹೀರುತ್ತದೆ. ಸಿಹಿನೀರನ್ನು ಮೊದಲೇ ಕುಡಿದ ಕೂದಲು ಕೊಳದ ನೀರನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲಿಂದ ಒಂದು ಚೊಂಬು ಸುರಿದುಕೊಂಡರೆ ಸಾಲದು. ಅವಳ ದಟ್ಟ ಕೂದಲಿನ ಒಳಪದರ ನೆನೆಯಲು ಎರಡು ಮೂರು ನಿಮಿಷ ಬೇಕಾಯಿತು. ಹಣ ಖರ್ಚಿಲ್ಲದ ಈ ಒಂದು ಕೆಲಸದಿಂದ ಸಿಕ್ಕು ಕಡಿಮೆಯಾಗಿದ್ದು ಮೊದಲ ವಾರದಲ್ಲೇ ಕಂಡಿತು.

ಎರಡನೆಯದು ಅಜ್ಜಿಯ ಎಣ್ಣೆ. ಅದನ್ನು ನಿಲ್ಲಿಸುವ ಮಾತನ್ನು ನಾನು ಎತ್ತಲಿಲ್ಲ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರನ್ನು ಹೋಲಿಸಿ ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂದಲಿನ ಪ್ರೋಟೀನ್ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಎಳೆಯ ಒಳಕ್ಕೆ ಇಳಿಯುತ್ತದೆ. ಅಜ್ಜಿಯ ಮದ್ದು ಸರಿಯಾಗಿಯೇ ಇತ್ತು, ಬದಲಾಗಬೇಕಾಗಿದ್ದದ್ದು ಹೊತ್ತು ಮತ್ತು ಪ್ರಮಾಣ. ಅಂಗೈ ತುಂಬ ಎಣ್ಣೆ ಬೆಳಿಗ್ಗೆ ಹಚ್ಚುವ ಬದಲು ಹಿಂದಿನ ರಾತ್ರಿ ಅರ್ಧ ಚಮಚ, ನೆತ್ತಿ ಬಿಟ್ಟು ಕೆಳಗಿನ ಭಾಗಕ್ಕೆ ಮಾತ್ರ. ಬೆಳಿಗ್ಗೆ ಹಳೆಯ ಪತ್ರಿಕೆಯ ಚೂರನ್ನು ಜಡೆಗೆ ಒತ್ತಿದರೆ ಎಣ್ಣೆಯ ಕಲೆ ಮೂಡಬಾರದು ಎಂದು ಒಂದು ಪರೀಕ್ಷೆ ಇಟ್ಟೆವು. ಕಲೆ ಮೂಡಿದ ದಿನ ಟವೆಲ್‌ನಿಂದ ಒರೆಸಿ ಕಳುಹಿಸುವುದು. ಈ ಪರೀಕ್ಷೆಯನ್ನು ಅಜ್ಜಿ ನನಗಿಂತ ಕಟ್ಟುನಿಟ್ಟಾಗಿ ಪಾಲಿಸಿದರು. ಕೊಳದ ಸಿಬ್ಬಂದಿಗೂ ದೂರು ಉಳಿಯಲಿಲ್ಲ.

ಕ್ಯಾಪ್ ವಿಷಯ ಬೇಗ ಮುಗಿಯಿತು. ಉದ್ದ ಕೂದಲಿನವರಿಗೆಂದೇ ಸಡಿಲವಾಗಿ ಮಾಡಿದ ಸಿಲಿಕೋನ್ ಕ್ಯಾಪ್ ಒಂದು ಸಿಕ್ಕಿತು. ಸಡಿಲವಾದ ಒಂದೇ ಜಡೆ ಹೆಣೆದು ಕತ್ತಿನ ಬಳಿ ಸುತ್ತಿ ಒದ್ದೆಯಲ್ಲೇ ಅದನ್ನು ಹಾಕುವುದು. ಯಾವ ಕ್ಯಾಪೂ ನೀರನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಹೊಸ ಹೊಸ ನೀರು ಕೂದಲಿನ ಮೂಲಕ ಹರಿಯುವುದನ್ನು ತಗ್ಗಿಸುತ್ತದೆ. ದೊಡ್ಡ ಕ್ಯಾಪ್ ಹಾಕಲು ನಾಚುತ್ತಿದ್ದ ಹುಡುಗಿಗೆ, ದಟ್ಟ ಗುಂಗುರು ಕೂದಲಿನವರಿಗಾಗಿ ಮಾಡಿದ ಸೋಲ್ ಕ್ಯಾಪ್ ಅನ್ನು ಟೋಕಿಯೋ ಒಲಿಂಪಿಕ್ಸ್‌ಗೆ ಮುನ್ನ 2021ರಲ್ಲಿ ಅಂತರರಾಷ್ಟ್ರೀಯ ಈಜು ಸಂಸ್ಥೆ ಒಪ್ಪದೆ, ಮರುವರ್ಷ 2022ರಲ್ಲಿ ಒಪ್ಪಿಕೊಂಡ ಕಥೆ ಹೇಳಿದೆ. ತನ್ನ ಕೂದಲಿಗೆ ತಕ್ಕ ಕ್ಯಾಪ್ ಕೇಳುವುದು ಈಜುಗಾರ್ತಿಯ ಹಕ್ಕು ಎಂದು ನಾನು ನಂಬಿದ್ದೇನೆ.

ನಂತರದ್ದು ವಿಟಮಿನ್ ಸಿ. ಕೊಳದ ನೀರನ್ನು ಪರೀಕ್ಷಿಸುವ ಪೆಟ್ಟಿಗೆಯಿಂದ ಒಂದು ಗಾಜಿನ ನಳಿಕೆ ತೆಗೆದುಕೊಂಡು, ಕೊಳದ ನೀರು ತುಂಬಿ, ಕ್ಲೋರಿನ್ ಪರೀಕ್ಷೆಯ ಮಾತ್ರೆ ಹಾಕಿ ಅವಳ ಕೈಗೆ ಕೊಟ್ಟೆ. ಕ್ಲೋರಿನ್ ಇರುವ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಅದಕ್ಕೆ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲದ ಪುಡಿಯನ್ನು ಚಿಟಿಕೆಗಿಂತ ಕಡಿಮೆ ಉದುರಿಸಿ ಅಲುಗಿಸಲು ಹೇಳಿದೆ. ಗುಲಾಬಿ ಬಣ್ಣ ಅವಳ ಕಣ್ಣೆದುರೇ ಮಾಯವಾಯಿತು. ವಿಟಮಿನ್ ಸಿ ಕ್ಲೋರಿನ್ ಅನ್ನು ನಿರುಪದ್ರವಿ ಕ್ಲೋರೈಡ್ ಆಗಿ ಬದಲಿಸುತ್ತದೆ. ಅಂದಿನಿಂದ ಕಾಲು ಲೀಟರ್ ನೀರಿಗೆ ಸುಮಾರು ಒಂದು ಗ್ರಾಂ ಪುಡಿ ಬೆರೆಸಿದ ಸ್ಪ್ರೇ ಬಾಟಲಿ ಅವಳ ಚೀಲದಲ್ಲಿ. ಈಜು ಮುಗಿದ ಕೂಡಲೇ ಕೂದಲಿಗೆಲ್ಲ ಸಿಂಪಡಿಸಿ, ಒಂದು ನಿಮಿಷ ಬಿಟ್ಟು, ಮನೆಯ ನಲ್ಲಿಯಿಂದ ತಂದ ಎರಡು ಲೀಟರ್ ನೀರಿನಲ್ಲಿ ತೊಳೆಯುವುದು. ಒಮ್ಮೆ ಬೆರೆಸಿದ್ದನ್ನು ವಾರವಿಡೀ ಬಳಸಿ ಪ್ರಯೋಜನವಿಲ್ಲ ಎಂಬುದು ತಡವಾಗಿ ತಿಳಿಯಿತು. ಆ ದ್ರಾವಣ ಗಾಳಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ದಿನಾ ಹೊಸದಾಗಿ ಬೆರೆಸಬೇಕು.

ಶಾಂಪೂ ವಾರಕ್ಕೆ ಮೂರಕ್ಕೆ ಇಳಿಯಿತು, ಉಳಿದ ದಿನ ಕಂಡಿಷನರ್ ಮಾತ್ರ. ಭಾನುವಾರದ ಎಣ್ಣೆಸ್ನಾನದಲ್ಲಿ ತರಿತರಿಯಾದ ಸೀಗೆಪುಡಿ ತಿಕ್ಕುವ ಬದಲು ದಾಸವಾಳದ ಸೊಪ್ಪಿನ ಲೋಳೆ ಬಳಸಿದರು.

ಎಲ್ಲಕ್ಕಿಂತ ಕಷ್ಟವಾದದ್ದು ಶಾಲೆ. ಜಡೆ ಮಡಚದೆ ಬರಲು ಅನುಮತಿ ಕೇಳಿ ತಾಯಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯ ಸಲ ನಿಯಮ ಎಲ್ಲರಿಗೂ ಒಂದೇ ಎಂದರು. ಮೂರನೆಯ ಸಲ ಹುಡುಗಿ ತಾನೇ ಹೋದಳು. ಮುರಿದ ಹತ್ತೊಂಬತ್ತು ಎಳೆಗಳನ್ನು ಬಿಳಿ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಅಳತೆ ಬರೆದು ಮುಖ್ಯೋಪಾಧ್ಯಾಯಿನಿಯವರ ಮೇಜಿನ ಮೇಲಿಟ್ಟಳು. ಸಡಿಲವಾದ ಒಂದೇ ಜಡೆ, ಬಟ್ಟೆಯ ಬ್ಯಾಂಡ್, ಮಡಿಕೆ ಇಲ್ಲ. ಜನವರಿ ಎರಡನೆಯ ವಾರದಿಂದ ಅನುಮತಿ ಸಿಕ್ಕಿತು. ಇಡೀ ಪ್ರಕರಣದ ತಿರುವು ಅದು ಎಂದು ನನ್ನ ಅಭಿಪ್ರಾಯ.

ಆಮೇಲೆ ಆದದ್ದು

ಫೆಬ್ರವರಿಯಲ್ಲಿ ಮತ್ತೆ ಟವೆಲ್‌ನ ಕೂದಲು ಎಣಿಸಿದೆವು. ಒಂಬತ್ತು, ಅವುಗಳಲ್ಲಿ ತುಂಡಾದವು ಮೂರು. ತುಕ್ಕಿನ ಬಣ್ಣ ಮಾತ್ರ ಹೋಗಲಿಲ್ಲ, ಹೋಗುವಂಥದ್ದೂ ಅಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದ ಬಳಿಯ ತುದಿ ಅವಳು ಮೂರನೆಯ ತರಗತಿಯಲ್ಲಿದ್ದಾಗ ನೆತ್ತಿಯಿಂದ ಹೊರಟದ್ದು. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ, ಹಾಳಾದ ಭಾಗ ವಾಸಿಯಾಗುವುದಿಲ್ಲ. ಇದನ್ನು ಕುಳಿತು ವಿವರಿಸಿದೆ, ಕತ್ತರಿಸು ಎಂಬ ಮಾತನ್ನು ನಾನು ಆಡಲಿಲ್ಲ. ಎರಡು ವಾರದ ನಂತರ ಅವಳೇ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಒಂದು ಗೇಣು ಕತ್ತರಿಸಿಕೊಂಡು ಬಂದಳು. ನವೆಂಬರ್‌ನಲ್ಲಿ ಅವಳನ್ನು ಕೊಳದಿಂದ ಓಡಿಸಿದ ಅದೇ ಮಾತು, ಮಾರ್ಚ್‌ನಲ್ಲಿ ಅವಳ ಸ್ವಂತ ನಿರ್ಧಾರವಾಗಿತ್ತು.

ಇನ್ನೊಂದು ಸಂಗತಿ ಆಕಸ್ಮಿಕವಾಗಿ ತಿಳಿಯಿತು. ನಳಿಕೆಯ ಪರೀಕ್ಷೆಯ ರುಚಿ ಹತ್ತಿದ ಹುಡುಗಿ ದಿನಾ ಬೆಳಿಗ್ಗೆ ನೀರು ಪರೀಕ್ಷಿಸಿ ಬರೆದಿಡುತ್ತಿದ್ದಳು. ಸಾಮಾನ್ಯವಾಗಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕಾದ ಕ್ಲೋರಿನ್, ಕೆಲವು ಬೆಳಿಗ್ಗೆ 5 ದಾಟಿರುತ್ತಿತ್ತು. ವಿಚಾರಿಸಿದರೆ, ಬ್ಲೀಚಿಂಗ್ ಪುಡಿಯನ್ನು ಮುಂಜಾನೆ ಐದಕ್ಕೆ, ಮಕ್ಕಳು ಇಳಿಯುವ ಮುಂಚೆ ಹಾಕುತ್ತಿದ್ದರು. ರಾತ್ರಿ ಕೊಳ ಮುಚ್ಚಿದ ಮೇಲೆ ಹಾಕಿ ಎಂದು ಕೇಳಿಕೊಂಡೆವು, ಒಪ್ಪಿದರು. ಇದರ ಲಾಭ ಎಲ್ಲ ಮಕ್ಕಳಿಗೂ ಸಿಕ್ಕಿತು, ಕಣ್ಣುರಿಯ ದೂರುಗಳೂ ಕಡಿಮೆಯಾದವು. ಕ್ಲೋರಿನ್ ಅನ್ನು ಶತ್ರುವೆಂದು ನೋಡಬಾರದು ಎಂದು ಪೋಷಕರಿಗೆ ಈಗಲೂ ಹೇಳುತ್ತೇನೆ. ಅದಿಲ್ಲದ ಕೊಳದಲ್ಲಿ ಮಕ್ಕಳಿಗೆ ಬರುವ ಕಾಯಿಲೆ ಒರಟು ಕೂದಲಿಗಿಂತ ಘೋರ. ಮೂಗಿಗೆ ಅಡರುವ ಘಾಟು ಕೂಡ ಬರುವುದು ಹೆಚ್ಚಾಗಿ ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಹುಟ್ಟುವ ಕ್ಲೋರಮೀನ್‌ಗಳಿಂದ. ಎಲ್ಲರೂ ಮೈ ತೊಳೆದು ನೀರಿಗೆ ಇಳಿದರೆ ಅದು ಸಾಕಷ್ಟು ಕಡಿಮೆಯಾಗುತ್ತದೆ.

ಎಲ್ಲವೂ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಜುಲೈನಲ್ಲಿ ಸ್ಪರ್ಧೆಗೆಂದು ಬೇರೆ ಊರಿನಲ್ಲಿ ಹನ್ನೆರಡು ದಿನ ಇದ್ದಾಗ ಬಾಟಲಿ, ಎಣ್ಣೆ, ಮನೆಯ ನೀರು ಎಲ್ಲ ತಪ್ಪಿತು, ಒರಟುತನ ಮರಳಿತು. ಮೇ ತಿಂಗಳ ಮದುವೆಯಲ್ಲಿ ಮೊಗ್ಗಿನ ಜಡೆಗೆ ಉದ್ದ ಸಾಲದೆ ಚೌರಿ ಸೇರಿಸಬೇಕಾಯಿತು. ಅಜ್ಜಿಗೆ ಅದು ಬೇಸರ ತಂದಿತೋ ಏನೋ, ಹೇಳಲಿಲ್ಲ. ಮದುವೆಯ ಮರುದಿನವೂ ಹುಡುಗಿ ಐದೂವರೆಗೆ ಕೊಳದಲ್ಲಿದ್ದಳು.

ಆಗಸ್ಟ್‌ನಲ್ಲಿ ಅವರ ಮನೆಗೆ ಹೋದಾಗ, ಬುಡದಿಂದ ತಾನಾಗಿ ಉದುರಿದ ಒಂದು ಉದ್ದ ಎಳೆಯನ್ನು ಅಜ್ಜಿಯ ಕೈಗೆ ಕೊಟ್ಟೆ. ಕನ್ನಡಕ ಹುಡುಕಲು ಹೋಗದೆ, ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತುದಿಯಿಂದ ಬುಡದ ಕಡೆಗೆ ನಿಧಾನವಾಗಿ ಎಳೆದರು. ಮುಕ್ಕಾಲು ದಾರಿ ಬೆರಳು ತಡೆತಡೆದು ಸಾಗಿತು. ಬುಡಕ್ಕೆ ನಾಲ್ಕು ಬೆರಳಷ್ಟು ದೂರವಿದ್ದಾಗ ಸರ್ರನೆ ಜಾರಿತು. ಅವರು ಮತ್ತೆ ಅದೇ ಜಾಗಕ್ಕೆ ಬೆರಳನ್ನು ತಂದು ನಿಲ್ಲಿಸಿ, ಮೊಮ್ಮಗಳನ್ನು ಕೂಗಿ ಕರೆದರು: "ಬಾ ಇಲ್ಲಿ, ಇಲ್ಲಿಂದ ಮೇಲೆ ಮುಟ್ಟಿ ನೋಡು."